ಆಟಿಸಂ ಉಳ್ಳವರ ಹುಟ್ಟುಹಬ್ಬ ಮತ್ತು ಏರುವ ವಯಸ್ಸು: ಮನೆಯವರು ಹಂತ ಹಂತವಾಗಿ ಮಾಡಿಕೊಳ್ಳಬೇಕಾದ ಸಿದ್ಧತೆ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಪೋಷಕರಿಂದ ನನಗೆ ಪದೇ ಪದೇ ಬರುವ ಪ್ರಶ್ನೆಗಳು ಎರಡು. ವರ್ಷವೆಲ್ಲ ಸಮಾಧಾನವಾಗಿರುವ ಮಗ ಹುಟ್ಟುಹಬ್ಬದ ದಿನವೇ ಏಕೆ ರಂಪ ಮಾಡುತ್ತಾನೆ ಎಂಬುದು ಮೊದಲನೆಯದು. ವಯಸ್ಸು ಏರುತ್ತಿದೆ ಎಂದರೆ ಮಗಳು ಹೆದರಿ ಅಳುತ್ತಾಳೆ, ಅವಳಿಗೆ ಏನು ಹೇಳಬೇಕು ಎಂಬುದು ಎರಡನೆಯದು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ, ಮಾಡಬೇಕಾದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ನಾನು ಆಟಿಸಂ ಇರುವವಳು, ಅಂದರೆ ಸದ್ದು, ಸ್ಪರ್ಶ, ಜನರ ಒಡನಾಟ ಇವನ್ನೆಲ್ಲ ಮಿದುಳು ಹುಟ್ಟಿನಿಂದಲೇ ಬೇರೆ ರೀತಿಯಲ್ಲಿ ಗ್ರಹಿಸುವವಳು, ತುಮಕೂರಿನಲ್ಲಿಯೇ ಬೆಳೆದವಳು. ಆದ್ದರಿಂದ ಇಲ್ಲಿರುವುದು ವೈದ್ಯರ ಮಾತಲ್ಲ, ಒಳಗಿನಿಂದ ನೋಡಿದವಳ ಮಾತು. ನಮ್ಮಲ್ಲಿ ಹೆಚ್ಚಿನವರಿಗೆ ಹುಟ್ಟಿದ ದಿನದ ಮೇಲೆ ದ್ವೇಷವೇನೂ ಇರುವುದಿಲ್ಲ. ಆ ಒಂದು ದಿನ ನಮ್ಮ ಕಿವಿ, ಚರ್ಮ, ಸಮಯ ಎಲ್ಲದರ ಮೇಲೂ ಬಂದವರೆಲ್ಲರೂ ಸಲಿಗೆ ತೆಗೆದುಕೊಳ್ಳುತ್ತಾರೆ, ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದ್ದು ನಮಗೆ ಮಾತ್ರ ಗೊತ್ತಿರುವುದಿಲ್ಲ. ಕಷ್ಟ ಇರುವುದು ಅಲ್ಲಿ. ಹುಟ್ಟುಹಬ್ಬವನ್ನು ಅತ್ಯಂತ ಪ್ರೀತಿಸಿ ತಿಂಗಳುಗಟ್ಟಲೆ ಮೊದಲೇ ದಿನ ಎಣಿಸುವ ಆಟಿಸಂ ಉಳ್ಳವರೂ ಇದ್ದಾರೆ. ಹಾಗಾಗಿ ಕೆಳಗಿನ ಹಂತಗಳಲ್ಲಿ ನಿಮ್ಮ ಮನೆಯವರಿಗೆ ಹೊಂದುವಷ್ಟನ್ನು ಮಾತ್ರ ತೆಗೆದುಕೊಳ್ಳಿ.

ಮೊದಲು ತಿಳಿದಿರಬೇಕಾದ ಮೂರು ಮಾತು

ಬೆಳಕು, ಸದ್ದು, ವಾಸನೆ, ಸ್ಪರ್ಶ ಇವೆಲ್ಲ ಒಟ್ಟಿಗೆ ಮೇಲೆ ಬಿದ್ದು, ಮಿದುಳು ಅವುಗಳನ್ನು ವಿಂಗಡಿಸಲಾರದ ಸ್ಥಿತಿಗೆ ತಲುಪುವುದನ್ನು ಸಂವೇದನಾ ಹೊರೆ ಎನ್ನುತ್ತಾರೆ. ಆ ಹೊರೆ ಮಿತಿ ಮೀರಿದಾಗ ಅಳು, ಕೂಗು, ಓಟ ಅಥವಾ ತನಗೆ ತಾನೇ ಹೊಡೆದುಕೊಳ್ಳುವ ರೂಪದಲ್ಲಿ ಹೊರಬರುವುದು ಮೆಲ್ಟ್‌ಡೌನ್. ಮಾತು ನಿಂತು, ಮುಖ ಮುಚ್ಚಿಕೊಂಡು ಒಳಗೇ ಕುಸಿಯುವುದು ಶಟ್‌ಡೌನ್. ಎರಡೂ ಹಟವಲ್ಲ. ಮೂರನೆಯದು ಮಾಸ್ಕಿಂಗ್, ಅಂದರೆ ಹಿಂಸೆಯಾಗುತ್ತಿದ್ದರೂ ಬೇರೆಯವರಿಗಾಗಿ ನಗುತ್ತ ಸಹಜವಾಗಿರುವಂತೆ ತೋರಿಸಿಕೊಳ್ಳುವುದು. "ನಮ್ಮ ಹುಡುಗಿ ಎಲ್ಲರ ಮುಂದೆ ಚೆನ್ನಾಗಿಯೇ ಇದ್ದಳು, ನೆಂಟರು ಹೋದ ಮೇಲೆ ಶುರುಮಾಡಿದಳು" ಎನ್ನುವವರು ಈ ಮೂರನೆಯ ಮಾತನ್ನು ಗಮನಿಸಬೇಕು. ಅವಳು ಎಲ್ಲರ ಮುಂದೆ ಚೆನ್ನಾಗಿರಲಿಲ್ಲ, ತಡೆದುಕೊಂಡಿದ್ದಳು.

ಹಂತ 1: ಹುಟ್ಟುಹಬ್ಬ ಯಾವ ದಿನ ಎಂಬುದನ್ನು ಒಂದೇ ಸಲ ಇತ್ಯರ್ಥ ಮಾಡಿ

ನಮ್ಮ ಕಡೆಯ ಅನೇಕ ಮನೆಗಳಲ್ಲಿ ಒಬ್ಬರಿಗೆ ಎರಡು ಹುಟ್ಟುಹಬ್ಬ. ಕ್ಯಾಲೆಂಡರಿನ ತಾರೀಖು ಒಂದು, ಅಜ್ಜಿ ಪಂಚಾಂಗ ನೋಡಿ ಹೇಳುವ ಜನ್ಮನಕ್ಷತ್ರದ ದಿನ ಇನ್ನೊಂದು. ಚಾಂದ್ರಮಾನದ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ ಆಗುವುದರಿಂದ ಪಂಚಾಂಗದ ದಿನ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತ ಹೋಗಿ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹಾರುತ್ತದೆ. ಸಾಲದೆಂಬಂತೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಎಂಬ ಮೂರನೆಯ ತಾರೀಖು ಕೆಲವರ ದಾಖಲೆಗಳಲ್ಲಿ ಉಳಿದುಬಿಟ್ಟಿರುತ್ತದೆ. ನಿಮಗೆ ಇದು ಸಣ್ಣ ವಿಷಯ. ತಾರೀಖುಗಳನ್ನೇ ಆಧಾರವಾಗಿ ಹಿಡಿದು ಬದುಕುವವರಿಗೆ ಹುಟ್ಟಿದ ದಿನವೇ ಜಾಗ ಬದಲಿಸಿದರೆ ಕಾಲ ಕೆಳಗಿನ ನೆಲ ಜಾರಿದ ಹಾಗೆ.

ಪ್ರತಿಯೊಂದಕ್ಕೂ ಬೇರೆ ಹೆಸರಿಡಿ: ಇದು ಹುಟ್ಟುಹಬ್ಬ, ಇದು ಪೂಜೆಯ ದಿನ, ಇದು ಕಾಗದದ ತಾರೀಖು. ಗೋಡೆಯ ಕ್ಯಾಲೆಂಡರಿನಲ್ಲಿ ಮೂರನ್ನೂ ಬೇರೆ ಬೇರೆ ಬಣ್ಣದಲ್ಲಿ ಗುರುತು ಮಾಡಿ. ಎಲ್ಲರಿಗೂ ಬಿಡುವಿರಲಿ ಎಂದು ಭಾನುವಾರಕ್ಕೆ ಮುಂದೂಡುವುದಾದರೆ ಅದನ್ನು ಹುಟ್ಟುಹಬ್ಬ ಎಂದು ಕರೆಯಬೇಡಿ, ನೆಂಟರು ಬರುವ ದಿನ ಎನ್ನಿ. ನಿಜವಾದ ತಾರೀಖಿನಂದು ಏನಾದರೂ ಒಂದು ಚಿಕ್ಕದನ್ನು ಮಾಡಿಯೇ ತೀರಬೇಕು.

ಇನ್ನೊಂದು ಸೂಚನೆ: "ನನಗೆ 12 ಆಗುವುದು ಬೆಳಿಗ್ಗೆಯೋ ರಾತ್ರಿಯೋ?" ಎಂದು ಕೇಳಿದರೆ ನಕ್ಕು ಸುಮ್ಮನಾಗಬೇಡಿ. ಜಾತಕದಲ್ಲಿ ಗಂಟೆ, ನಿಮಿಷ ಬರೆದಿರುತ್ತದೆ; ತೆಗೆದು ತೋರಿಸಿ. ನಿಖರವಾದ ಉತ್ತರ ಸಿಕ್ಕಿದ ಮೇಲೆ ಆ ಪ್ರಶ್ನೆ ಕಾಡುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಹಂತ 2: ಬೇಕು–ಬೇಡಗಳನ್ನು ಅವರಿಂದಲೇ ಕೇಳಿ ತಿಳಿಯಿರಿ

ಒಂದು ತಿಂಗಳು ಮೊದಲೇ ಕೇಳಿ. "ಹುಟ್ಟುಹಬ್ಬಕ್ಕೆ ಏನು ಬೇಕು?" ಎಂಬ ಮುಕ್ತ ಪ್ರಶ್ನೆಗೆ ನಮ್ಮಲ್ಲಿ ಅನೇಕರಿಗೆ ಉತ್ತರ ಹೊಳೆಯುವುದಿಲ್ಲ. ಕೇಕ್ ಬೇಕೇ ಬೇಡವೇ, ಹಾಡು ಬೇಕೇ ಬೇಡವೇ, ಎಷ್ಟು ಜನ, ಯಾರು ಯಾರು, ಎಷ್ಟು ಹೊತ್ತು ಎಂದು ಒಂದೊಂದಾಗಿ ಕೇಳಬೇಕು. ಮಾತು ಬಾರದವರಿಗೆ ಚಿತ್ರಗಳನ್ನು ಮುಂದಿಟ್ಟು ಬೇಕಾದದ್ದನ್ನು ಈ ತಟ್ಟೆಗೆ, ಬೇಡವಾದದ್ದನ್ನು ಆ ತಟ್ಟೆಗೆ ಹಾಕಿಸಬಹುದು. ಚಿತ್ರ, ಬರಹ, ಮೊಬೈಲಿನ ಆ್ಯಪ್‌ಗಳ ಮೂಲಕ ನಡೆಸುವ ಇಂಥ ಸಂವಹನಕ್ಕೆ ಎಎಸಿ ಎಂಬ ಹೆಸರಿದೆ; ಮಾತಿನಷ್ಟೇ ಅದಕ್ಕೂ ಬೆಲೆ ಕೊಡಬೇಕು.

"ಏನೂ ಬೇಡ" ಎಂದು ಉತ್ತರ ಬಂದರೆ ಅದೂ ಉತ್ತರವೇ. ಕೇಕಿನ ಬದಲು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬೇಕು, ಅದೂ ಪ್ರತಿವರ್ಷ ಅದೇ ಹೋಟೆಲಿನದ್ದು, ಅದೇ ಮೇಜಿನಲ್ಲಿ ಎಂದರೆ ದಯವಿಟ್ಟು ಹಾಗೆಯೇ ಮಾಡಿ. ಪ್ರತಿವರ್ಷ ಒಂದೇ ರೀತಿ ಇದ್ದರೆ ಬೇಜಾರಾಗುತ್ತದೆ ಎನ್ನುವುದು ನಿಮ್ಮ ಅನುಭವ. ಬದಲಾಗದಿರುವುದೇ ನಮಗೆ ಹಬ್ಬ.

ಇಲ್ಲಿ ಬಹಳ ಜನ ಎಡವುವುದು ಸರ್‌ಪ್ರೈಸ್ ವಿಷಯದಲ್ಲಿ. ಕತ್ತಲ ಕೋಣೆಗೆ ಕರೆದೊಯ್ದು ಒಮ್ಮೆಗೇ ದೀಪ ಹಾಕಿ ಎಲ್ಲರೂ ಕೂಗುವುದು ಪ್ರೀತಿಯಿಂದಲೇ ಇರಬಹುದು, ಆದರೆ ದೇಹಕ್ಕೆ ಅದು ಅಪಾಯದ ಸೂಚನೆಯಾಗಿಯೇ ತಲುಪುತ್ತದೆ. ಉಡುಗೊರೆಯನ್ನೂ ಮೊದಲೇ ತಿಳಿಸಬಹುದು. ಪೊಟ್ಟಣವನ್ನು ಎಲ್ಲರ ಮುಂದೆ ಬಿಚ್ಚಿಸಿ "ಖುಷಿಯಾಯ್ತಾ?" ಎಂದು ಮುಖ ನೋಡುತ್ತ ನಿಲ್ಲಬೇಡಿ, ಖುಷಿ ನಮ್ಮ ಮುಖಕ್ಕೆ ಬರಲು ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ.

ಹಂತ 3: ದಿನದ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿ

ಬೆಳಿಗ್ಗೆ ಎಣ್ಣೆಸ್ನಾನ, ಆಮೇಲೆ ತಿಂಡಿ, ಹನ್ನೊಂದಕ್ಕೆ ಅತ್ತೆ ಮತ್ತು ಮಾವ ಬರುತ್ತಾರೆ, ಊಟ, ಒಂದು ಗಂಟೆ ಯಾರೂ ಕರೆಯದ ಬಿಡುವು, ಸಂಜೆ ಆರಕ್ಕೆ ಆರತಿ, ಏಳಕ್ಕೆ ಎಲ್ಲ ಮುಗಿಯುತ್ತದೆ. ಹೀಗೆ ಬರೆಯಿರಿ, ಅಥವಾ ಚಿತ್ರಗಳಲ್ಲಿ ಜೋಡಿಸಿ. ಇದನ್ನು ದೃಶ್ಯ ವೇಳಾಪಟ್ಟಿ ಎನ್ನುತ್ತಾರೆ. ಯಾವಾಗ ಮುಗಿಯುತ್ತದೆ ಎಂಬ ಕೊನೆಯ ಸಾಲು ಯಾವಾಗ ಶುರು ಎಂಬುದಕ್ಕಿಂತ ಮುಖ್ಯ. ಬದಲಾವಣೆ ಅನಿವಾರ್ಯವಾದರೆ ಬಾಯಲ್ಲಿ ಹೇಳಿ ಬಿಡದೆ ಪಟ್ಟಿಯಲ್ಲಿಯೇ ಹಳೆಯದನ್ನು ಹೊಡೆದುಹಾಕಿ ಹೊಸದನ್ನು ಬರೆಯಿರಿ. ನಮ್ಮ ಕಡೆ ಕರೆಂಟು ಹೋಗುವುದು ಇದ್ದದ್ದೇ ಆದ್ದರಿಂದ, ಕರೆಂಟು ಹೋದರೆ ಏನು ಮಾಡುತ್ತೇವೆ ಎಂಬ ಒಂದು ಸಾಲೂ ಇರಲಿ.

ಹಂತ 4: ಆರತಿ, ಅಕ್ಷತೆ, ಹೊಸ ಬಟ್ಟೆ, ಕೇಕ್ – ಒಂದೊಂದರ ಹೊರೆಯನ್ನೂ ಇಳಿಸಿ

ಅಕ್ಷತೆಯಿಂದ ಶುರುಮಾಡುತ್ತೇನೆ, ಏಕೆಂದರೆ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅರಿಶಿನ ಹಚ್ಚಿದ ಅಕ್ಕಿ ಕಾಳು ನೆತ್ತಿಯ ಮೇಲೆ ಬಿದ್ದು, ಕಿವಿಯ ಹಿಂದಿನಿಂದ ಜಾರಿ, ಕುತ್ತಿಗೆಯೊಳಗೆ ಇಳಿದು ಬೆನ್ನಿಗೆ ಅಂಟಿಕೊಂಡರೆ, ಬಟ್ಟೆ ಬದಲಿಸುವವರೆಗೆ ನನಗೆ ಬೇರೆ ಯಾವ ಮಾತೂ ಕೇಳಿಸುವುದಿಲ್ಲ. ಎದುರಿಗೆ ಹತ್ತು ಜನ ಹಿರಿಯರು ಸಾಲಾಗಿ ನಿಂತು ಹರಸುತ್ತಿದ್ದರೆ ಅಂಥ ಹತ್ತು ಹಿಡಿ ಬೀಳುತ್ತದೆ. ಬೊಗಸೆಯೊಡ್ಡಿದ ಕೈಗೆ ಅಕ್ಷತೆ ಹಾಕಿದರೂ ಆಶೀರ್ವಾದ ಕಡಿಮೆಯಾಗುವುದಿಲ್ಲ. ಕುಂಕುಮವನ್ನೂ ಹಾಗೆಯೇ ತಟ್ಟೆಯಲ್ಲಿ ಕೊಟ್ಟರೆ ಅವರೇ ಹಚ್ಚಿಕೊಳ್ಳುತ್ತಾರೆ. ಆರತಿಯ ತಟ್ಟೆಯನ್ನು ಮುಖಕ್ಕೆ ತೀರ ಹತ್ತಿರ ತರದೆ ಒಂದು ತೋಳಿನಷ್ಟು ದೂರದಿಂದ ಬೆಳಗಿ. ಶಾಖ, ಕರ್ಪೂರದ ವಾಸನೆ, ಕಣ್ಣಿಗೆ ಹೊಡೆಯುವ ಬೆಳಕು ಮೂರೂ ತಗ್ಗುತ್ತವೆ.

ಹೊಸ ಬಟ್ಟೆಯನ್ನು ಹಬ್ಬದ ದಿನವೇ ಮೊದಲ ಸಲ ಹಾಕಿಸಬಾರದು. ಎರಡು ಸಲ ಒಗೆದು, ಕುತ್ತಿಗೆಯ ಹಿಂದಿನ ಲೇಬಲನ್ನು ದಾರ ಸಹಿತ ಬಿಚ್ಚಿ, ಮನೆಯಲ್ಲಿ ಒಂದೆರಡು ಗಂಟೆ ಹಾಕಿಕೊಂಡು ನೋಡಲು ಬಿಡಿ. ಜರಿಯಂಚು ಚುಚ್ಚಿದರೆ ಒಳಗೆ ಹತ್ತಿಯ ಬನಿಯನ್ ಇರಲಿ. ಹಳೆಯ ಅಂಗಿಯೇ ಬೇಕು ಎಂದರೆ ಹಳೆಯ ಅಂಗಿಯೇ ಸರಿ.

ಕೇಕಿನ ವಿಷಯದಲ್ಲಿ ಅಪಾಯಗಳು ಹೆಚ್ಚು. ಕಿಡಿ ಚಿಮ್ಮುತ್ತ ಸುರ್ರೆನ್ನುವ ಮೇಣದಬತ್ತಿ, ಒಮ್ಮೆಗೇ ಆರಿಸುವ ದೀಪ, ನೊರೆಯ ಸ್ಪ್ರೇ, ಯಾವಾಗ ಒಡೆಯುತ್ತದೋ ಗೊತ್ತಿಲ್ಲದ ಬಲೂನು ಇವೆಲ್ಲವನ್ನೂ ಬಿಡಬಹುದು. ಹಾಡು ಬೇಕೆಂದರೆ ಚಪ್ಪಾಳೆಯಿಲ್ಲದೆ ಮೆಲ್ಲಗೆ ಹಾಡಿ, ಅಥವಾ ಎಲ್ಲರೂ ಮೌನವಾಗಿ ಕೈ ಎತ್ತಿ ಆಡಿಸಿ. ಮುಖಕ್ಕೆ ಕ್ರೀಮು ಬಳಿಯುವುದು, ಕೈಕಾಲು ಹಿಡಿದೆತ್ತಿ ಬಂಪ್ಸ್ ಕೊಡುವುದು ಇವೆರಡನ್ನೂ ನಾನು ಆಟವೆಂದು ಒಪ್ಪುವುದೇ ಇಲ್ಲ. ಅದು ಒಬ್ಬರ ದೇಹದ ಮೇಲೆ ನಡೆಯುವ ಬಲಪ್ರಯೋಗ. ಕಾಲೇಜಿಗೆ ಅಥವಾ ಹಾಸ್ಟೆಲಿಗೆ ಹೋಗುವ ಮಕ್ಕಳಿದ್ದರೆ ಅಲ್ಲಿಯ ವಾರ್ಡನ್ನರಿಗೂ ಹತ್ತಿರದ ಗೆಳೆಯರಿಗೂ ಮೊದಲೇ ಸ್ಪಷ್ಟವಾಗಿ ತಿಳಿಸಿ.

ಹಂತ 5: ಬರುವವರಿಗೆ ಮುಂಚಿತವಾಗಿ ಹೇಳಿಡಿ

ಆಮಂತ್ರಣದ ಜೊತೆಯಲ್ಲಿಯೇ ನಾಲ್ಕು ಸಾಲಿನ ವಾಟ್ಸ್‌ಆ್ಯಪ್ ಸಂದೇಶ ಸಾಕು: ತಬ್ಬಿಕೊಳ್ಳುವ, ಕೆನ್ನೆ ಹಿಂಡುವ ಮೊದಲು ಕೇಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲವೆಂದು ತಪ್ಪು ತಿಳಿಯಬೇಡಿ, ಫ್ಲ್ಯಾಶ್ ಹಾಕಬೇಡಿ, ಅವರು ಎದ್ದು ಕೋಣೆಗೆ ಹೋದರೆ ಹಿಂದೆ ಹೋಗಬೇಡಿ. ಕಾಲು ಮುಟ್ಟಿ ನಮಸ್ಕರಿಸುವುದು ಕಷ್ಟವಾದರೆ ಕೈಮುಗಿದರೂ ಸಾಕೆಂದು ಮನೆಯ ಹಿರಿಯರೊಬ್ಬರ ಬಾಯಲ್ಲಿಯೇ ಹೇಳಿಸಿ, ನೆಂಟರು ಒಪ್ಪುತ್ತಾರೆ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಮನೆಗಳಲ್ಲಿ ತೆಲುಗು, ಕನ್ನಡ ಎರಡೂ ಒಟ್ಟಿಗೇ ಓಡುತ್ತವೆ. ಗದ್ದಲದ ನಡುವೆ ಎರಡು ಭಾಷೆ ಬಿಡಿಸಿಕೊಳ್ಳುವುದು ಕಷ್ಟವಾಗುವವರ ಜೊತೆ, ಅವರಿಗೆ ಸಲೀಸಾದ ಒಂದರಲ್ಲಿಯೇ ಮಾತಾಡಿ.

ಹೊರಗೆ ಹೋಗುವುದಾದರೆ ವಾರದ ನಡುವಿನ ದಿನ, ಬೆಳಗಿನ ಹೊತ್ತು ಆರಿಸಿ. ನಂದಿಬೆಟ್ಟದಲ್ಲಿ ಶನಿವಾರ, ಭಾನುವಾರಗಳ ಜನ ಮತ್ತು ವಾಹನಗಳ ಸಾಲು ಯಾರನ್ನಾದರೂ ದಣಿಸುತ್ತದೆ. ತುಮಕೂರಿನ ನಾಮದ ಚಿಲುಮೆಯ ಮರಗಳ ನೆರಳು, ಕೋಲಾರದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರಿನ ಒಂದೇ ಸಮನಾದ ಸದ್ದು ನಮ್ಮಂಥವರಿಗೆ ಹಿತ. ಆದರೆ ಅಂತರಗಂಗೆಯಲ್ಲಿ ಮೆಟ್ಟಿಲುಗಳಿವೆ, ಕೋತಿಗಳಿವೆ. ಕೈಯಲ್ಲಿ ತಿಂಡಿಯ ಚೀಲ ಕಾಣುವಂತೆ ಹಿಡಿಯಬೇಡಿ.

ಹಂತ 6: ಕುಸಿದರೆ ಏನು ಮಾಡಬೇಕು, ಮರುದಿನ ಏನು ಮಾಡಬೇಕು

ಸದ್ದು ನಿಲ್ಲಿಸಿ, ದೀಪ ತಗ್ಗಿಸಿ, ಜನರನ್ನು ಬೇರೆ ಕೋಣೆಗೆ ಕಳಿಸಿ. ಒಬ್ಬರೇ ಜೊತೆಗಿದ್ದು ಕಡಿಮೆ ಮಾತಾಡಿ. "ಇವತ್ತು ನಿನ್ನ ಹುಟ್ಟುಹಬ್ಬ, ಇವತ್ತಾದರೂ ಅಳಬೇಡ" ಎನ್ನಬೇಡಿ. ನೋವಿನ ಮೇಲೆ ಅಪರಾಧ ಪ್ರಜ್ಞೆಯನ್ನೂ ಹೇರಿದಂತಾಗುತ್ತದೆ. ಮರುದಿನ ಶಾಲೆ, ಕೆಲಸ, ಪ್ರಯಾಣ ಯಾವುದನ್ನೂ ಇಟ್ಟುಕೊಳ್ಳದಿದ್ದರೆ ಒಳ್ಳೆಯದು. ಹುಟ್ಟುಹಬ್ಬಕ್ಕಾಗಿ ತಿಂಗಳುಗಟ್ಟಲೆ ಕಾದವರಿಗೆ ಮರುದಿನ ಬಹಳ ಖಾಲಿಯೆನಿಸುತ್ತದೆ, ಮುಂದಿನದಕ್ಕೆ ಇನ್ನೂ 364 ದಿನ ಎಂದು ಅಳುವವರಿದ್ದಾರೆ. ಅವರಿಗೆ ಕ್ಯಾಲೆಂಡರಿನಲ್ಲಿ ಹತ್ತಿರದ ಇನ್ನೊಂದು ದಿನವನ್ನು ತೋರಿಸಿ.

ಹಂತ 7: ವಯಸ್ಸಿನ ಬಗ್ಗೆ ನೇರವಾಗಿ, ನಿಜವಾಗಿ ಮಾತಾಡಿ

ಈ ಬರಹದಲ್ಲಿ ನನಗೆ ಅತ್ಯಂತ ಮುಖ್ಯವಾದ ಭಾಗ ಇದು. ಆಟಿಸಂ ಉಳ್ಳ ಮಗು ದೊಡ್ಡವನಾಗಲು ಹೆದರುವುದೇಕೆ ಎಂದು ಕೇಳುವ ಪೋಷಕರು, ಕಳೆದ ಹುಟ್ಟುಹಬ್ಬಗಳಲ್ಲಿ ಅವನು ಏನೇನು ಕಳೆದುಕೊಂಡ ಎಂದು ನೆನಪಿಸಿಕೊಳ್ಳಬೇಕು. "ಎಂಟಾಯಿತು, ಇನ್ನು ಆ ಬಸ್ಸಿನ ಆಟಿಕೆ ಬಿಡು." "ಹತ್ತಾಯಿತು, ಇನ್ನು ಅಮ್ಮನ ಪಕ್ಕ ಮಲಗಬಾರದು." "ಹದಿಮೂರು ತುಂಬಿತು, ಇನ್ನು ಹೀಗೆ ಕೈ ಆಡಿಸಬಾರದು." ಹೀಗೆ ಪ್ರತಿವರ್ಷ ಅದೇ ತಾರೀಖಿನಂದು ಏನೋ ಒಂದನ್ನು ಕಿತ್ತುಕೊಂಡರೆ, ಆ ದಿನ ಹತ್ತಿರ ಬರುತ್ತಿದ್ದಂತೆ ಹೆದರಿಕೆಯಾಗುವುದು ಸಹಜವಲ್ಲವೇ? ಯಾವುದನ್ನಾದರೂ ನಿಜಕ್ಕೂ ಬಿಡಿಸಬೇಕಾಗಿದ್ದರೆ ಹುಟ್ಟುಹಬ್ಬಕ್ಕೆ ಗಂಟು ಹಾಕದೆ ಬೇರೆ ಸಮಯದಲ್ಲಿ, ನಿಧಾನವಾಗಿ ಮಾಡಿ. ಕೈ ಆಡಿಸುವುದು, ತೂಗಾಡುವುದು ಮೊದಲಾದ ಪುನರಾವರ್ತಿತ ಚಲನೆಗಳು ನಮ್ಮನ್ನು ನಾವು ಸಮತೋಲನದಲ್ಲಿ ಇಟ್ಟುಕೊಳ್ಳುವ ವಿಧಾನ. ಯಾರಿಗೂ ಗಾಯವಾಗದಿದ್ದರೆ ಅವನ್ನು ಬಿಡಿಸುವ ಅಗತ್ಯವೇ ಇಲ್ಲ, 50 ತುಂಬಿದರೂ ಇಲ್ಲ.

ಹುಟ್ಟುಹಬ್ಬದ ಹಿಂದಿನ ವಾರ ಒಂದು ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಬದಲಾಗುವುದು, ಇನ್ನೊಂದರಲ್ಲಿ ಬದಲಾಗದಿರುವುದು. ಮೊದಲನೆಯದರಲ್ಲಿ ಬಹುಶಃ ಎರಡೇ ಸಾಲು ಬರುತ್ತವೆ: ವಯಸ್ಸಿನ ಸಂಖ್ಯೆ, ಜೂನ್‌ನಲ್ಲಿ ತರಗತಿ. ಎರಡನೆಯದರಲ್ಲಿ ಹಾಸಿಗೆ, ದಿಂಬು, ಊಟದ ತಟ್ಟೆ, ಅಜ್ಜಿ, ಸಂಜೆಯ ನಡಿಗೆ, ಮೊಸರನ್ನದಲ್ಲಿ ಸಾಸಿವೆ ಇಲ್ಲದಿರುವುದು ಹೀಗೆ ಹಾಳೆ ತುಂಬುವಷ್ಟು ಬರೆಯಿರಿ. ಸಂಖ್ಯೆ ಬದಲಾದರೆ ಉಳಿದದ್ದೆಲ್ಲವೂ ಬದಲಾಗುತ್ತದೆಂಬ ಭಯ ಕಣ್ಣೆದುರಿಗೇ ಕರಗುವುದನ್ನು ನೋಡುವಿರಿ.

ಸಾವಿನ ಪ್ರಶ್ನೆಯೂ ಬರುತ್ತದೆ. "ತಾತನಿಗೆ ವಯಸ್ಸಾಗಿತ್ತು, ಹೋದರು" ಎಂದು ಕೇಳಿಸಿಕೊಂಡ ಹುಡುಗಿ, ತನಗೂ ವಯಸ್ಸಾಗುತ್ತಿದೆ ಎಂದಾಗ ಮುಂದಿನದನ್ನು ತಾನೇ ಲೆಕ್ಕ ಹಾಕುತ್ತಾಳೆ. ಅವಳಿಗೆ ಸುತ್ತುಬಳಸು ಬೇಡ: ತಾತನ ವಯಸ್ಸೆಷ್ಟು, ಅವರಿಗೆ ಇದ್ದ ಕಾಯಿಲೆ ಯಾವುದು, ಅವಳ ವಯಸ್ಸೆಷ್ಟು, ಅವಳ ಆರೋಗ್ಯ ಹೇಗಿದೆ ಎಂದು ಅಂಕಿಗಳಲ್ಲಿ ತಿಳಿಸಿ.

ಇನ್ನೊಂದು ತಪ್ಪು, ವಯಸ್ಸನ್ನು ಕಡಿಮೆ ಮಾಡಿ ಹೇಳುವುದು. "ಇವನಿಗೆ 24, ಆದರೆ ಬುದ್ಧಿ ಆರು ವರ್ಷದ್ದು" ಎಂದು ಅವನ ಎದುರಿಗೇ ಹೇಳುವವರಿದ್ದಾರೆ. 24 ವರ್ಷ ಬಿಸಿಲು, ಮಳೆ, ಅವಮಾನ, ಪ್ರೀತಿ ಕಂಡ ದೇಹ ಮತ್ತು ನೆನಪು ಆರು ವರ್ಷದ್ದಲ್ಲ. ಸ್ನಾನಕ್ಕೆ ಸಹಾಯ ಬೇಕಿದ್ದರೂ ಬಾಗಿಲು ಮುಚ್ಚಿರಬೇಕು, ಬಟ್ಟೆ ಅವನ ವಯಸ್ಸಿನ ಗಂಡಸರದ್ದಾಗಿರಬೇಕು, ಅವನ ಬಗ್ಗೆ ಮಾತಾಡುವಾಗ ಅವನನ್ನೂ ಸೇರಿಸಿಕೊಳ್ಳಬೇಕು. ಅದೇ ರೀತಿ, ಕೆಲಸ, ಮದುವೆ, ಮನೆ ಎಂಬ ಮೂರು ಮೆಟ್ಟಿಲುಗಳಿಂದ ಮಾತ್ರ ವಯಸ್ಸನ್ನು ಅಳೆಯುವ ನೆಂಟರ ಪ್ರಶ್ನೆಗಳನ್ನು ನೀವೇ ತಡೆಯಬೇಕು. ನನ್ನ ಮಟ್ಟಿಗೆ ಹೇಳುವುದಾದರೆ ವಯಸ್ಸು ಏರಿದ್ದು ಒಳ್ಳೆಯದೇ ಆಯಿತು. ಬೇಡ ಎನ್ನುವ ಅಧಿಕಾರ, ಗದ್ದಲದಿಂದ ಎದ್ದು ಹೋಗುವ ಅಧಿಕಾರ ಚಿಕ್ಕವಳಿದ್ದಾಗ ನನಗೆ ಇರಲಿಲ್ಲ, ಈಗ ಇದೆ.

ಆಟಿಸಂ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದೆಂಬ ಕಲ್ಪನೆಯೂ ಹೋಗಬೇಕು. 1943ರಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲಿ ಮೊದಲನೆಯವರಾಗಿದ್ದ ಅಮೆರಿಕದ ಡೊನಾಲ್ಡ್ ಟ್ರಿಪ್ಲೆಟ್, ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿ, ಊರೂರು ಸುತ್ತಿ, 2023ರಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮುದುಕರಾದವರು ನಮ್ಮಲ್ಲಿಯೂ ಇದ್ದಾರೆ ಎಂಬುದು ಮಕ್ಕಳಿಗೆ ಗೊತ್ತಿರಲಿ.

ಹಂತ 8: ವಯಸ್ಸಿಗೆ ತಕ್ಕ ಕಾಗದಪತ್ರಗಳು

5 ಮತ್ತು 15 ವರ್ಷ ತುಂಬಿದಾಗ ಆಧಾರ್‌ನಲ್ಲಿ ಬೆರಳಚ್ಚು, ಕಣ್ಣಿನ ಪಾಪೆ, ಭಾವಚಿತ್ರಗಳನ್ನು ಕಡ್ಡಾಯವಾಗಿ ನವೀಕರಿಸಬೇಕು. ಬೆರಳನ್ನು ಗಾಜಿನ ಮೇಲೆ ಒತ್ತಿ ಹಿಡಿಯುವುದು, ಯಂತ್ರದೊಳಗೆ ಕಣ್ಣು ಬಿಟ್ಟು ನೋಡುವುದು ಇವನ್ನು ಮನೆಯಲ್ಲಿ ಆಡಿಸಿ ಅಭ್ಯಾಸ ಮಾಡಿಸಿ, ಜನ ಕಡಿಮೆಯಿರುವ ಹೊತ್ತಿಗೆ ಕೇಂದ್ರಕ್ಕೆ ಹೋಗಿ.

ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಟ್ಟಿಯಾಗಿರುವ 21 ಅಂಗವೈಕಲ್ಯಗಳಲ್ಲಿ ಒಂದು. ಜಿಲ್ಲಾ ಆಸ್ಪತ್ರೆಯ ಮೂಲಕ ಪ್ರಮಾಣಪತ್ರ ಮತ್ತು ಯುಡಿಐಡಿ ಎಂಬ ಗುರುತಿನ ಚೀಟಿ ಪಡೆಯಬೇಕು. ಬಹುತೇಕ ಸವಲತ್ತುಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣ ನಮೂದಾಗಿರಬೇಕು. ಪ್ರಮಾಣಪತ್ರಕ್ಕೆ ಅವಧಿ ಇದ್ದರೆ ಅದು ಮುಗಿಯುವ ದಿನವನ್ನು ಹುಟ್ಟುಹಬ್ಬದ ತಿಂಗಳಲ್ಲಿ ಪ್ರತಿವರ್ಷ ನೋಡಿಕೊಳ್ಳಿ. ಹಳ್ಳಿಯವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು, ಅಂದರೆ ವಿಆರ್‌ಡಬ್ಲ್ಯು ಅವರನ್ನು ಕೇಳಿದರೆ ಅರ್ಜಿಗೆ ನೆರವಾಗುತ್ತಾರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆ ಇದೆ, ಅದನ್ನು ನವೀಕರಿಸುತ್ತಿರಬೇಕು.

18 ತುಂಬುವುದು ದೊಡ್ಡ ತಿರುವು. ಆ ದಿನದಿಂದ ತಂದೆತಾಯಿ ಕಾನೂನಿನ ದೃಷ್ಟಿಯಲ್ಲಿ ತಾವಾಗಿಯೇ ಪೋಷಕರಾಗಿ, ಅಂದರೆ ಮಕ್ಕಳ ಪರವಾಗಿ ನಿರ್ಧರಿಸುವ ಗಾರ್ಡಿಯನ್ ಆಗಿ, ಮುಂದುವರಿಯುವುದಿಲ್ಲ. ಇದು ಗೊತ್ತಿಲ್ಲದೆ ಬ್ಯಾಂಕಿನ ಕಿಟಕಿಯ ಮುಂದೆ ನಿಂತು ಪೇಚಾಡುವವರು ಬಹಳ. ಪೋಷಕತ್ವ ಅಗತ್ಯವಿದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಅಡಿಯಲ್ಲಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ನೇಮಕವಾದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿಯನ್ನು ಒಪ್ಪಿಸಬೇಕು. ಆದರೆ ಆಟಿಸಂ ಇರುವ ಪ್ರತಿಯೊಬ್ಬರಿಗೂ ಇಂಥ ಕಾನೂನಿನ ಪೋಷಕರು ಬೇಕಾಗಿಯೇ ಇರುತ್ತಾರೆ ಎಂದೇನಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. 2016ರ ಕಾಯ್ದೆ ಆ ವ್ಯಕ್ತಿ ಮತ್ತು ಪೋಷಕರು ಇಬ್ಬರೂ ಕೂಡಿ ನಿರ್ಧರಿಸುವ ಸೀಮಿತ ಪೋಷಕತ್ವದ ದಾರಿಯನ್ನೂ ಇಟ್ಟಿದೆ. ಅರ್ಜಿ ಹಾಕುವ ಮೊದಲು ಅವರನ್ನು ಕೇಳಿ. ನಮೂನೆ 6 ತುಂಬಿ ಮತದಾರರ ಪಟ್ಟಿಗೂ ಸೇರಿಸಿ; ಆಟಿಸಂ ಇದೆ ಎಂಬ ಒಂದೇ ಕಾರಣಕ್ಕೆ ಮತದಾನದ ಹಕ್ಕು ಹೋಗುವುದಿಲ್ಲ.

ಹಂತ 9: ದೇಹದ ವಯಸ್ಸು, ತಂದೆತಾಯಿಯ ವಯಸ್ಸು

ಹಸಿವು, ಬಾಯಾರಿಕೆ, ನೋವು, ಜ್ವರ ಇವುಗಳ ಸೂಚನೆ ನಮ್ಮಲ್ಲಿ ಅನೇಕರಿಗೆ ತಡವಾಗಿ ತಿಳಿಯುತ್ತದೆ ಅಥವಾ ತಿಳಿಯುವುದೇ ಇಲ್ಲ. ದೇಹದ ಒಳಗಿನ ಈ ಅರಿವನ್ನು ಇಂಟರೊಸೆಪ್ಷನ್ ಎನ್ನುತ್ತಾರೆ. ಆದ್ದರಿಂದ ನೋವಾದರೆ ಹೇಳುತ್ತಾರೆ ಎಂದು ಕಾಯದೆ, ಹಲ್ಲು, ಕಣ್ಣು, ಬಿಪಿ, ಸಕ್ಕರೆ ಇವುಗಳ ತಪಾಸಣೆಯನ್ನು ವರ್ಷಕ್ಕೊಮ್ಮೆ ಹುಟ್ಟುಹಬ್ಬದ ತಿಂಗಳಲ್ಲಿಯೇ ಮಾಡಿಸಿ. ಮುಟ್ಟು ಶುರುವಾಗುವ, ಗಡ್ಡ ಬರುವ, ಮುಂದೆ ಮುಟ್ಟು ನಿಲ್ಲುವ ಬದಲಾವಣೆಗಳನ್ನು ಅವು ಬರುವ ಮೊದಲೇ ಚಿತ್ರಗಳೊಡನೆ ವಿವರಿಸಿ.

ಮಕ್ಕಳಿಗೆ ಒಂದು ವರ್ಷ ಏರಿದಾಗ ತಂದೆತಾಯಿಗೂ ಒಂದು ಏರುತ್ತದೆ. ನಾವು ಅದನ್ನು ಗಮನಿಸುವುದಿಲ್ಲವೆಂದು ಭಾವಿಸಬೇಡಿ; ಬಹಳ ಗಮನಿಸುತ್ತೇವೆ, ಕೇಳಲು ಹೆದರುತ್ತೇವೆ. ನಿಮ್ಮ ನಂತರ ಎಲ್ಲಿ ಇರುವುದು, ಯಾರ ಜೊತೆ, ಹಣ ಯಾರ ಕೈಯಲ್ಲಿ ಎಂಬುದನ್ನು ಅಣ್ಣ, ತಂಗಿ, ಸೋದರಮಾವಂದಿರ ಜೊತೆ ಕೂತು ಮಾತಾಡುವಾಗ ಆಟಿಸಂ ಇರುವ ಮಗನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಳ್ಳಿ. ಒಂದು ಕಡತ ಮಾಡಿ: ಪ್ರಮಾಣಪತ್ರಗಳ ಪ್ರತಿ, ಔಷಧಿಗಳ ಹೆಸರು ಮತ್ತು ಪ್ರಮಾಣ, ಯಾವ ಊಟ ಒಗ್ಗುತ್ತದೆ, ಯಾವ ಸದ್ದು ಆಗದು, ಹೆದರಿದಾಗ ಏನು ಮಾಡಿದರೆ ಸಮಾಧಾನವಾಗುತ್ತದೆ, ಹುಟ್ಟುಹಬ್ಬವನ್ನು ಹೇಗೆ ಮಾಡುತ್ತೇವೆ. ಹಿಂದೆ ನೀವು ಬರೆದ ದಿನದ ಪಟ್ಟಿ ಮತ್ತು ಎರಡು ಕಾಲಂನ ಹಾಳೆಯನ್ನು ಅದರಲ್ಲಿಯೇ ಸೇರಿಸಿ, ಪ್ರತಿವರ್ಷ ತಿದ್ದಿ, ಮೇಲೆ ತಿದ್ದಿದ ತಾರೀಖು ಹಾಕಿ. ಒಂದು ಪ್ರತಿ ಮನೆಯಲ್ಲಿರಲಿ, ಇನ್ನೊಂದು ಮುಂದೆ ಜೊತೆಗಿರಲು ಒಪ್ಪಿದವರ ಬಳಿ ಈಗಲೇ ಇರಲಿ.